ಸಹಾಯ ಬೇಕು: ಗೆಣಸಿನ ಹಿತ್ತಲಿಗೆ ಬರುವ ಮುಳ್ಳುಹಂದಿಯನ್ನು ನೋಯಿಸದೆ ತಡೆಯುವುದು ಹೇಗೆ?

ಸದಸ್ಯರೆಲ್ಲರಿಗೂ ನಮಸ್ಕಾರ. ಖಾನಾಪುರ ತಾಲ್ಲೂಕಿನಲ್ಲಿ, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಭೀಮಗಡ ಕಾಡಿಗೆ ಸಮೀಪ, ಅಕ್ಕಪಕ್ಕ ಬೇರೆ ಮನೆಗಳೇ ಇಲ್ಲದ ಕಡೆ ಒಂದು ಸಣ್ಣ ಹೆಂಚಿನ ಮನೆಯಲ್ಲಿ ನಾನು ಮತ್ತು ನನ್ನ ತಾಯಿಯವರು ವಾಸವಾಗಿದ್ದೇವೆ. ಹಿತ್ತಲಿನ ಐದು ಗುಂಟೆಯಲ್ಲಿ ಗೆಣಸು ಹಾಕಿದ್ದೇವೆ. ಬದುವಿನ ಮೇಲೆ ಹನ್ನೆರಡು ತೆಂಗಿನ ಸಸಿಗಳಿವೆ.

ಕಳೆದ ಮೂರು ವಾರಗಳಿಂದ ರಾತ್ರಿ ಹೊತ್ತು ಮುಳ್ಳುಹಂದಿ ಬಂದು ಗೆಣಸನ್ನು ಅಗೆದು ತಿನ್ನುತ್ತಿದೆ. ಕಾಡುಹಂದಿಯಾಗಿದ್ದರೆ ಮಡಿಯನ್ನೇ ಉತ್ತು ಹಾಕುತ್ತಿತ್ತು. ಇಲ್ಲಿ ಬಳ್ಳಿ ಹಾಗೆಯೇ ಇದ್ದು, ಬುಡದಲ್ಲಿ ಮಾತ್ರ ಗುಂಡಿ ಬಿದ್ದಿರುತ್ತದೆ. ನಿನ್ನೆ ಬೆಳಿಗ್ಗೆ ಅಂಥದೊಂದು ಗುಂಡಿಯ ಪಕ್ಕದಲ್ಲಿ ಗೇಣುದ್ದದ ಕಪ್ಪು ಬಿಳಿ ಪಟ್ಟೆಯ ಮುಳ್ಳೊಂದು ಸಿಕ್ಕಿತು. ಎರಡು ತೆಂಗಿನ ಸಸಿಗಳ ಬುಡದಲ್ಲಿಯೂ ಉಳಿಯಿಂದ ಕೆತ್ತಿದಂಥ ಹಲ್ಲಿನ ಗುರುತುಗಳಿವೆ.

ಉರುಳು ಹಾಕಿರಿ, ವಿಷ ಇಡಿರಿ ಎಂದು ಕೆಲವರು ಹೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ನಮಗಿಂತ ಮೊದಲಿನಿಂದ ಇಲ್ಲಿರುವ ಪ್ರಾಣಿಯನ್ನು ಕೊಲ್ಲಲು ನಮಗೆ ಮನಸ್ಸಿಲ್ಲ.

ಈಗಿರುವ ಬಿದಿರಿನ ಬೇಲಿಯ ಕೆಳಗೆ ಅದು ಸಲೀಸಾಗಿ ತೋಡಿಕೊಂಡು ಒಳಬರುತ್ತಿರುವುದರಿಂದ, ತಂತಿ ಜಾಲರಿಯನ್ನು ನೆಲದೊಳಗೆ ಹೂಳಬೇಕೆಂದುಕೊಂಡಿದ್ದೇವೆ. ಎಷ್ಟು ಅಡಿ ಆಳಕ್ಕೆ ಹೂಳಬೇಕು, ನಮ್ಮ ಭಾಗದ ಜೋರು ಮಳೆಗೆ ಬೇಗ ತುಕ್ಕು ಹಿಡಿಯದ ಜಾಲರಿ ಯಾವುದು, ಸಸಿಗಳ ಬುಡಕ್ಕೆ ತಗಡು ಸುತ್ತಿದರೆ ಸಾಕೇ ಎಂಬುದನ್ನು ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು. ಬೆಳಗಾವಿಯಲ್ಲಿ ಇಂಥ ಜಾಲರಿ ಸಿಗುವುದಾದರೆ ಅದರ ದರವನ್ನೂ ತಿಳಿಸಿದರೆ ಉಪಕಾರವಾಗುತ್ತದೆ. ಗೆಣಸು ಕೀಳಲು ಇನ್ನೂ ಒಂದೂವರೆ ತಿಂಗಳಿದೆ.