‘ಇಂಡೆಂಚರ್’ ಎಂಬುದಕ್ಕೆ ‘ಮುಚ್ಚಳಿಕೆ’ ಎನ್ನಬಹುದೇ?

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಆಗ ಸ್ಪೇನಿನ ವಸಾಹತಾಗಿದ್ದ ಕ್ಯೂಬಾದ ಕಬ್ಬಿನ ತೋಟಗಳಿಗೆ ಸಾಗಿಸಲಾದ ಚೀನೀ ಆಳುಗಳ ದಾಖಲೆಪತ್ರಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 1847ರಿಂದ 1874ರವರೆಗೆ ಸುಮಾರು 1,25,000 ಚೀನೀಯರು ಹೀಗೆ ಅಲ್ಲಿಗೆ ತಲುಪಿದರು. ಹೆಚ್ಚಿನವರು ಹಡಗು ಹತ್ತಿದ್ದು ಪೋರ್ಚುಗೀಸರ ಕೈಯಲ್ಲಿದ್ದ ಮಕಾವ್ ಬಂದರಿನಲ್ಲಿ. ಬರಹ ಅರ್ಧ ಮುಗಿದಿದೆ, ಆದರೆ ನಾಲ್ಕೈದು ಪದಗಳು ಗಂಟಲಿಗೆ ಸಿಕ್ಕಿದ ಮುಳ್ಳಿನಂತೆ ಹಾಗೇ ಉಳಿದಿವೆ. ಮೊದಲನೆಯದು ‘ಇಂಡೆಂಚರ್’, ಅಂದರೆ ಇಂತಿಷ್ಟು ವರ್ಷ ದುಡಿಯುತ್ತೇನೆಂದು ಆಳು ಬರೆದುಕೊಡುವ ಒಪ್ಪಂದಪತ್ರ.

ಈ ಪದದ ಹುಟ್ಟಿನಲ್ಲಿ ಲ್ಯಾಟಿನ್ನಿನ ‘ಹಲ್ಲು’ ಇದೆ. ಒಂದೇ ಹಾಳೆಯ ಮೇಲೆ ಒಪ್ಪಂದವನ್ನು ಎರಡು ಸಲ ಬರೆದು, ನಡುವೆ ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಕತ್ತರಿಸಿ, ಇಬ್ಬರಿಗೂ ಒಂದೊಂದು ತುಂಡು ಕೊಡುತ್ತಿದ್ದರು. ಮುಂದೆ ತಕರಾರು ಬಂದರೆ ಎರಡು ತುಂಡುಗಳ ಹಲ್ಲು ಕೂಡಿಸಿ ನೋಡಿದರಾಯಿತು. ಪದ ಹುಟ್ಟಿದ್ದು ಇಬ್ಬರ ಕೈಯಲ್ಲೂ ಕಾಗದವಿದ್ದ ಕಾಲದಲ್ಲಿ. ಕ್ಯೂಬಾಕ್ಕೆ ಹೋದವನ ಕೈಯಲ್ಲೂ ಒಂದು ಪ್ರತಿ ಇರುತ್ತಿತ್ತು, ನಿಜ. ಆದರೆ ಅದರಲ್ಲಿ ಏನಿತ್ತು ಎಂಬುದನ್ನು ನೋಡಬೇಕು.

ಮುದ್ರಿಸಿದ ನಮೂನೆ ಅದು. ಒಂದು ಬದಿಯಲ್ಲಿ ಸ್ಪ್ಯಾನಿಷ್, ಇನ್ನೊಂದು ಬದಿಯಲ್ಲಿ ಚೀನೀ ಭಾಷೆ. ಹೆಸರು, ವಯಸ್ಸು, ಊರು ತುಂಬಲು ಖಾಲಿ ಜಾಗ. ಎಂಟು ವರ್ಷಗಳ ದುಡಿಮೆ, ತಿಂಗಳಿಗೆ ನಾಲ್ಕು ಪೇಸೊ. ದಿನಕ್ಕೆ ಎಂಟು ಔನ್ಸ್ ಉಪ್ಪುಮಾಂಸ, ಒಂದೂವರೆ ಪೌಂಡ್ ಗೆಣಸು ಅಥವಾ ಅಂಥದೇ ಇನ್ನೊಂದು. ವರ್ಷಕ್ಕೆ ಎರಡು ಜೊತೆ ಬಟ್ಟೆ, ಒಂದು ಕಂಬಳಿ. ಹೊರಡುವಾಗ ಕೊಟ್ಟ ಮುಂಗಡವನ್ನು ತಿಂಗಳಿಗೊಂದು ಪೇಸೊದಂತೆ ಮುರಿದುಕೊಳ್ಳುವ ಷರತ್ತು. ಇಷ್ಟೂ ಸಾಲದೆಂಬಂತೆ ಇನ್ನೊಂದು ಕಲಮು: ಆ ದ್ವೀಪದ ಸ್ವತಂತ್ರ ಕೆಲಸಗಾರರಿಗೂ ಗುಲಾಮರಿಗೂ ಇದಕ್ಕಿಂತ ಬಹಳ ಹೆಚ್ಚು ಸಿಗುತ್ತದೆಂದು ತನಗೆ ಗೊತ್ತಿದೆ, ಆದರೂ ಈ ಸಂಬಳಕ್ಕೆ ತಾನು ಒಪ್ಪಿದ್ದೇನೆ ಎಂದು ಆಳಿನ ಬಾಯಿಂದಲೇ ಹೇಳಿಸಲಾಗಿದೆ. ಈ ಕಲಮನ್ನು ಓದಿದ ದಿನ ನನಗೆ ಮುಂದೆ ಕೆಲಸ ಸಾಗಲಿಲ್ಲ.

ಇದಕ್ಕೆ ‘ಒಪ್ಪಂದ ಕಾರ್ಮಿಕ ಪದ್ಧತಿ’ ಎಂದು ಬರೆಯುವುದು ಈಗಿನ ರೂಢಿ. ನನಗೆ ಅದು ಒಗ್ಗುತ್ತಿಲ್ಲ. ಒಪ್ಪಂದ, ಕರಾರು ಎಂದೊಡನೆ ಸಮನಾಗಿ ಕುಳಿತ ಇಬ್ಬರು ಕಣ್ಣಿಗೆ ಬರುತ್ತಾರೆ. ‘ಗುತ್ತಿಗೆ ಕಾರ್ಮಿಕ’ ಎಂದರೆ ಓದುಗರಿಗೆ ಇಂದಿನ ಪೌರಕಾರ್ಮಿಕರು ನೆನಪಾಗುತ್ತಾರೆ. ಫಿಜಿ, ನಟಾಲ್‌ಗಳಿಗೆ ಹೋದ ಭಾರತೀಯರು ‘ಅಗ್ರಿಮೆಂಟ್’ ಪದವನ್ನೇ ‘ಗಿರ್ಮಿಟ್’ ಮಾಡಿಕೊಂಡಿದ್ದರು. ಆದರೆ ಅದು ಅವರ ನೋವಿನಿಂದ ಬಂದ ಪದ, ಚೀನೀಯರಿಗೆ ಅಂಟಿಸಲಾಗದು. ಮೇಲಾಗಿ ಹುಬ್ಬಳ್ಳಿ-ಧಾರವಾಡದ ಓದುಗರಿಗೆ ಗಿರ್ಮಿಟ್ ಎಂದರೆ ಮಂಡಕ್ಕಿಯದು.

‘ಜೀತ’ ಎನ್ನೋಣವೇ? ‘ಜೀವಿತ’ದಿಂದ ಬಂದ ಈ ಪದಕ್ಕೆ ಹಿಂದೆ ಸಂಬಳ, ಸೇವೆಗೆ ಪ್ರತಿಯಾಗಿ ಸಿಗುವ ಜೀವನಾಧಾರ ಎಂಬ ಗೌರವದ ಅರ್ಥವೇ ಇತ್ತು. ಈಗ ಹಾಗಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ ನಂತರ ಜೀತವೆಂದರೆ ಸಾಲಕ್ಕೆ ಕಟ್ಟುಬಿದ್ದ ದುಡಿಮೆ. ಕ್ಯೂಬಾದ ಆಳುಗಳ ಬದುಕು ಇದಕ್ಕಿಂತ ಭಿನ್ನವಾಗಿರಲಿಲ್ಲ. ಆದರೂ ‘ಜೀತ’ ಎಂದುಬಿಟ್ಟರೆ ಆ ಕಾಗದ, ಅದರ ಮೇಲಿನ ಸ್ಪೇನಿನ ಕಾನ್ಸುಲರ ರುಜು, ಸರ್ಕಾರದ ಮೊಹರು ಎಲ್ಲವೂ ಮರೆಯಾಗುತ್ತವೆ. ಯಾರೋ ಒಬ್ಬ ಕೆಟ್ಟ ಧಣಿಯ ಕೆಲಸವೆಂಬಂತೆ ಕಾಣುತ್ತದೆ.

ಹೀಗೆ ತಡಕಾಡುತ್ತಿದ್ದಾಗ ಕಾಗದದ ಮೊದಲ ಸಾಲೇ ದಾರಿ ತೋರಿತು. ಇಂಥ ಊರಿನ, ಇಷ್ಟು ವಯಸ್ಸಿನ ‘ನಾನು’ ಇದಕ್ಕೆ ಒಪ್ಪಿದ್ದೇನೆ ಎಂದು ಅದು ಆರಂಭವಾಗುತ್ತದೆ. ಅದನ್ನು ಕನ್ನಡಿಸಲು ಕುಳಿತರೆ ನಮ್ಮ ಹಳೆಯ ಪತ್ರಗಳ ‘ಬರೆದುಕೊಟ್ಟ ಮುಚ್ಚಳಿಕೆ ಏನೆಂದರೆ’ ಎಂಬ ಧಾಟಿ ತಾನಾಗಿಯೇ ಕೈಗೆ ಬಂತು. ಮುಚ್ಚಳಿಕೆ ಒಂದು ಕಡೆಯಿಂದ ಮಾತ್ರ ಬರೆದುಕೊಡುವಂಥದು. ಜಮೀನಿನ ಪಟ್ಟಾ (ಸಾಗುವಳಿಯ ಹಕ್ಕುಪತ್ರ) ಕೊಡುವವನು ಒಡೆಯ, ಮುಚ್ಚಳಿಕೆ ಬರೆದುಕೊಡುವವನು ಒಕ್ಕಲು. ಇಂದಿಗೂ ಪೊಲೀಸರು ‘ಮುಚ್ಚಳಿಕೆ ಬರೆಸಿಕೊಂಡು’ ಕಳುಹಿಸುತ್ತಾರೆ, ತಾವು ಬರೆದುಕೊಡುವುದಿಲ್ಲ. ಬರೆಯುವವನದು ಹೆಸರಿಗೆ ಒಪ್ಪಿಗೆ, ಬರೆಸುವವನದು ಬಲ. ಆದ್ದರಿಂದ ‘ಮುಚ್ಚಳಿಕೆಯಾಳು’, ‘ಮುಚ್ಚಳಿಕೆ ದುಡಿಮೆ’ ಎಂದು ಬಳಸಬೇಕೆಂದಿದ್ದೇನೆ.

ಇದರಿಂದ ಮುಂದಿನ ಪದಗಳೂ ಸಲೀಸಾಗಿ ಹುಟ್ಟುತ್ತವೆ. 1860ರ ಕ್ಯೂಬಾ ನಿಯಮಾವಳಿಯ ಪ್ರಕಾರ, 1861ರ ಫೆಬ್ರುವರಿ ನಡುವಿನ ನಂತರ ಬಂದವರು ಎಂಟು ವರ್ಷ ಮುಗಿಸಿದ ಮೇಲೆ ಎರಡು ತಿಂಗಳೊಳಗೆ ಸ್ವಂತ ಖರ್ಚಿನಲ್ಲಿ ದ್ವೀಪ ಬಿಡಬೇಕು, ಇಲ್ಲವೇ ಮತ್ತೆ ಬರೆದುಕೊಡಬೇಕು. ಇದು ‘ಮರುಮುಚ್ಚಳಿಕೆ’. ಮುಚ್ಚಳಿಕೆಯನ್ನು ಧಣಿ ಬೇರೆಯವರಿಗೆ ವರ್ಗಾಯಿಸಬಹುದೆಂದು ಕಾಗದದಲ್ಲೇ ಇತ್ತು. ಅದಕ್ಕೆ ನಮ್ಮ ಕಂದಾಯ ಕಚೇರಿಯ ‘ಪರಭಾರೆ’ ಸರಿ. ಜಮೀನಿಗೆ ಹೇಳುವ ಮಾತನ್ನು ಮನುಷ್ಯನ ಎಂಟು ವರ್ಷಗಳಿಗೆ ಹೇಳಿದಾಗ ಓದುಗ ಒಂದು ಕ್ಷಣ ನಿಲ್ಲಬೇಕು.

ಇನ್ನು ‘ಕೂಲಿ’. ನಮ್ಮಲ್ಲಿ ಕೂಲಿ ಎಂದರೆ ಮೊದಲು ದುಡ್ಡು, ಆಮೇಲೆ ಮನುಷ್ಯ. ದಿನಗೂಲಿ, ಕೂಲಿನಾಲಿ, ‘ಕೂಲಿ ಕೊಟ್ಟರೇ?’ ಎನ್ನುತ್ತೇವೆ. ಮನುಷ್ಯನಿಗೆ ಕೂಲಿಯಾಳು, ಕೂಲಿಕಾರ ಎಂಬ ಬೇರೆ ಪದಗಳಿವೆ. ಇಂಗ್ಲಿಷಿಗೆ ಇದು ತಮಿಳಿನಿಂದ ಹೋಯಿತೆಂದು ಕೆಲವರು, ಗುಜರಾತಿನ ಕೋಲಿ ಜನರ ಹೆಸರಿನಿಂದ ಹೋಯಿತೆಂದು ಕೆಲವರು ಹೇಳುತ್ತಾರೆ. ಎಲ್ಲಿಂದ ಹೋಗಿದ್ದರೂ ಅಲ್ಲಿ ಅದು ಮನುಷ್ಯನ ಹೆಸರಾಗಿ, ಬೈಗುಳವಾಗಿ ನಿಂತಿತು. ಚೀನೀಯರು ಅದೇ ಉಲಿಗೆ ಎರಡು ಅಕ್ಷರ ಹೊಂದಿಸಿದರು: ‘ಕು’ ಎಂದರೆ ಕಹಿ, ಕಷ್ಟ, ‘ಲಿ’ ಎಂದರೆ ಬಲ. ನಮ್ಮ ಪದ ಲೋಕ ಸುತ್ತಿ ಇಷ್ಟು ಕಹಿ ಹೊತ್ತು ಮರಳಿದೆ. ಹಾಗಾಗಿ ‘ಚೀನೀ ಕೂಲಿಗಳು’ ಎಂದು ನಾನು ಬರೆಯುವುದಿಲ್ಲ. ಕೂಲಿ ಎಂಬುದನ್ನು ಆ ನಾಲ್ಕು ಪೇಸೊಗಳಿಗೆ ಮಾತ್ರ ಮೀಸಲಿಡುತ್ತೇನೆ. ದಕ್ಷಿಣ ಚೀನಾದ ಜನ ಈ ವ್ಯಾಪಾರವನ್ನು ‘ಹಂದಿಮರಿ ಮಾರುವುದು’ ಎನ್ನುತ್ತಿದ್ದರು. ಬಂದರಿನಲ್ಲಿ ಆಳುಗಳನ್ನು ಕೂಡಿಹಾಕುತ್ತಿದ್ದ ಜಾಗಕ್ಕೆ ನಾನು ‘ದೊಡ್ಡಿ’ ಎಂದಿರುವುದು ಇದೇ ಕಾರಣಕ್ಕೆ.

ಸರ್ಕಾರಿ ಕಡತಗಳಲ್ಲಿ ಮಾತ್ರ ಇವರು ‘ಕೊಲೊನೊ ಏಷಿಯಾಟಿಕೊ’. ಕೊಲೊನೊ ಎಂದರೆ ಒಕ್ಕಲು, ನೆಲೆಸಲು ಬಂದವನು. 1874ರಲ್ಲಿ ಚೆನ್ ಲಾನ್‌ಬಿನ್ ಅವರ ಚೀನೀ ಆಯೋಗ ಕ್ಯೂಬಾಕ್ಕೆ ಹೋಗಿ 1,176 ಹೇಳಿಕೆಗಳನ್ನು ಬರೆದುಕೊಂಡಿತು, 1,665 ಜನರ ಹೆಸರುಗಳಿದ್ದ 85 ಅರ್ಜಿಗಳನ್ನು ಪಡೆಯಿತು. ಹತ್ತರಲ್ಲಿ ಎಂಟು ಜನ ತಮ್ಮನ್ನು ಅಪಹರಿಸಿ ಅಥವಾ ವಂಚಿಸಿ ತಂದರೆಂದರು. ಇವರನ್ನು ‘ಒಕ್ಕಲು’ ಎನ್ನುವುದು ಸುಳ್ಳು. ಆದರೆ ಆ ಸುಳ್ಳು ದಾಖಲೆಯದು, ಅನುವಾದಕ ಅದನ್ನು ತಿದ್ದಬಾರದು. ‘ಏಷ್ಯಾದ ಒಕ್ಕಲು’ ಎಂದು ಉದ್ಧರಣ ಚಿಹ್ನೆಯೊಳಗಿಟ್ಟಿದ್ದೇನೆ.

ಕೊನೆಯದು ಕೆನಡಾದ ‘ಹೆಡ್ ಟ್ಯಾಕ್ಸ್’, ಅಂದರೆ ಚೀನೀಯರು ಆ ದೇಶದೊಳಗೆ ಬರಲು ತಲೆಗಿಷ್ಟೆಂದು ತೆರಬೇಕಿದ್ದ ಹಣ. ಅಲ್ಲಿಗೆ ಹೋದ ಚೀನೀಯರು ಮುಚ್ಚಳಿಕೆಯಾಳುಗಳಲ್ಲ, ಹೆಚ್ಚಿನವರು ಸಾಲ ಮಾಡಿ ಹೋದವರು. 1885ರಲ್ಲಿ ಒಬ್ಬ ಚೀನೀಯನ ಪ್ರವೇಶಕ್ಕೆ 50 ಡಾಲರ್ ಇದ್ದದ್ದು 1900ರ ಕಾಯಿದೆಯಲ್ಲಿ 100, 1903ರದರಲ್ಲಿ 500 ಆಯಿತು. 1923ರಲ್ಲಿ ಬಾಗಿಲನ್ನೇ ಮುಚ್ಚುವ ಹೊತ್ತಿಗೆ ಸುಮಾರು 82,000 ಜನರಿಂದ 2.3 ಕೋಟಿ ಡಾಲರ್ ವಸೂಲಾಗಿತ್ತು. ‘ತಲೆಗಂದಾಯ’ ಎಂಬ ಸಿದ್ಧ ಪದ ನಮ್ಮಲ್ಲಿದೆ. ಆದರೆ ಕಂದಾಯ ವರ್ಷವರ್ಷವೂ ಕಟ್ಟುವಂಥದು, ಇದು ಗಡಿ ದಾಟುವಾಗ ಒಮ್ಮೆ ತೆರುವಂಥದು. ಗಡಿಯಲ್ಲಿ ಸರಕಿಗೆ ಹಾಕುವುದು ಸುಂಕ. ‘ತಲೆಸುಂಕ’ ಎಂದರೆ ಮನುಷ್ಯನನ್ನು ಸರಕು ಮಾಡಿದಂತಾಗುತ್ತದೆ ಎಂದು ಗೆಳತಿಯೊಬ್ಬರು ಆಕ್ಷೇಪಿಸಿದರು. ಆ ಕಾಯಿದೆ ಮಾಡಿದ್ದೂ ಅದನ್ನೇ. ಹಡಗಿನ ಪ್ರತಿ 50 ಟನ್ ಸಾಮರ್ಥ್ಯಕ್ಕೆ ಒಬ್ಬ ಚೀನೀಯನೆಂಬ ಮಿತಿಯೂ ಅದರಲ್ಲಿತ್ತು. ಸದ್ಯ ನನ್ನ ಒಲವು ‘ತಲೆಸುಂಕ’ದ ಕಡೆಗೇ ಇದೆ, ಬೇರೆ ವಾದವಿದ್ದರೆ ಕೇಳಲು ಸಿದ್ಧ.

ಬಲ್ಲವರಲ್ಲಿ ಒಂದು ಕೋರಿಕೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತರುತ್ತಿದ್ದಾಗ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಕಾಗದಕ್ಕೆ ತೋಟದವರ ಬಾಯಲ್ಲಿ ಏನು ಹೆಸರಿತ್ತು? ಮುಚ್ಚಳಿಕೆಯೇ, ಕರಾರೇ, ಬರೀ ‘ಚೀಟಿ’ಯೇ? ನಿಮ್ಮ ಮನೆಯ ಹಿರಿಯರು ಆ ತೋಟಗಳಲ್ಲಿ ದುಡಿದವರಾಗಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ಅವರು ಅಂದ ಪದ ಇದಕ್ಕಿಂತ ಚೆನ್ನಾಗಿದ್ದರೆ ಮುಚ್ಚಳಿಕೆಯನ್ನು ಬಿಟ್ಟು ಅದನ್ನೇ ಬಳಸುತ್ತೇನೆ.