ಸಹಾಯ ಬೇಕು: ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದ ಹೆಣ್ಣುಮಕ್ಕಳು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹೈಸ್ಕೂಲ್ ಮೇಷ್ಟ್ರು. ಬೀಳ್ಕೊಡುಗೆ ದಿನ ಹತ್ತನೇ ಕ್ಲಾಸಿನ ಮಕ್ಕಳಿಂದ ‘ಮುಂದೇನು?’ ಅಂತ ಚೀಟಿ ಬರೆಸಿದ್ದೆ. ಹೆಚ್ಚಿನವರು ಪಿಯುಸಿ ಅಂದಿದ್ದಾರೆ, ಖೋಖೋ ಕ್ಯಾಪ್ಟನ್‌ಗೆ ಪೊಲೀಸ್ ಆಗಬೇಕಂತೆ. ಒಬ್ಬಳ ಚೀಟಿ ಮಾತ್ರ ಇನ್ನೂ ನನ್ನ ಜೇಬಲ್ಲೇ ಇದೆ. ಕ್ಲಾಸಲ್ಲಿ ಬಾಯೇ ಬಿಡದ ಹುಡುಗಿ. ಸ್ಟಾಫ್ ರೂಮಿನ ಕೆಟ್ಟ ಫ್ಯಾನಿಗೆ ಕೆಪಾಸಿಟರ್ ಬದಲಿಸಿ ತಿರುಗಿಸಿದವಳು. ‘ಎಲೆಕ್ಟ್ರಿಕಲ್ ಕಲೀಬೇಕು ಸಾರ್, ಅಪ್ಪ ಬೇಡ ಅಂತಾರೆ’ ಅಂತ ಬರೆದಿದ್ದಾಳೆ.

3 ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರಿಗಿರೋ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ) ಬರೆದರೆ ನೇರ ಎರಡನೇ ವರ್ಷದ ಇಂಜಿನಿಯರಿಂಗ್‌ಗೆ ಸೇರಬಹುದು ಅಂತ ಅವಳ ಅಪ್ಪನಿಗೆ ಹೇಳಿದೆ. ‘ಹುಡುಗೀರು ಯಾರು ಓದ್ತಾರೆ ಸಾರ್ ಅದನ್ನ?’ ಅಂದರು. ಓದಿ ಕೆಲಸದಲ್ಲಿರೋರು ದಯವಿಟ್ಟು ಅವರ ಜೊತೆ ಫೋನಲ್ಲಿ ಹತ್ತು ನಿಮಿಷ ಮಾತಾಡ್ತೀರಾ? ಹೆಣ್ಣುಮಕ್ಕಳ ಹಾಸ್ಟೆಲ್ ಬಗ್ಗೆ ಗೊತ್ತಿರೋರೂ ತಿಳಿಸಿ.