ಪ್ಲಾಸ್ಟಿಕ್ ಹಾಕಿ ಡಾಂಬರು ರಸ್ತೆ ಮಾಡಿಸಿದವರು ಯಾರಾದರೂ ಇದ್ದೀರಾ?

ನಾಲೆಪಕ್ಕ:
ಮಂಡ್ಯ ಕಡೆಯ ಪಂಚಾಯಿತಿ ಸದಸ್ಯ ನಾನು. ಡೇರಿಯಿಂದ ಬಸ್ ಸ್ಟಾಪಿನವರೆಗೆ 600 ಮೀಟರ್ ಡಾಂಬರು ಬರುತ್ತಿದೆ, ಅಗಲ 3.75 ಮೀಟರ್. ಕಸದ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಸೂರು ಮುಟ್ಟಿದೆ. ಚೂರು ಮಾಡಿ ಕೊಟ್ಟರೆ ಹಾಕಿಸೋಣ ಅಂತ ಜೆಇ (ಜೂನಿಯರ್ ಎಂಜಿನಿಯರ್) ಹೇಳಿದ್ದಾರೆ. ಕಂಟ್ರಾಕ್ಟರ್ ಮುಖ ಸಿಂಡರಿಸಿದ್ದಾರೆ. ನಾವೇ ಚೂರು ಮಾಡುವ ಮಿಷನ್ ತಗೊಳ್ಳೋದಾ, ಚೂರು ಕೊಳ್ಳೋದಾ? ಪಕ್ಕದಲ್ಲೇ ನಾಲೆ ಇದೆ, ಕಬ್ಬಿನ ಟ್ರ್ಯಾಕ್ಟರ್ ಓಡಾಡುತ್ತವೆ. ರಸ್ತೆ ತಡೆಯುತ್ತಾ? ಅನುಭವ ಇದ್ದವರು ಹೇಳಿ.

ಮಾಜಿಮೆಂಬರ್:
ಮಿಷನ್ ಮಾತ್ರ ತಗೊಳ್ಳಬೇಡಿ. ನಾವು ತಗೊಂಡು ಅನುಭವಿಸಿದ್ದೇವೆ. 2019ರಲ್ಲಿ 10 ಎಚ್‌ಪಿದು, 2.65 ಲಕ್ಷ, ಜಿಎಸ್‌ಟಿ ಬೇರೆ. ಲಾರಿಯಿಂದ ಇಳಿಸಿದ ಮೇಲೆ ಗೊತ್ತಾಯಿತು, ಶೆಡ್ಡಿಗೆ ಇರೋದು ಸಿಂಗಲ್ ಫೇಸ್. ತ್ರೀ ಫೇಸ್ ಎಳೆಸಲು ಎರಡು ಕಂಬ, 48 ಸಾವಿರ, ನಾಲ್ಕು ತಿಂಗಳು. ಅಷ್ಟರಲ್ಲಿ ಇಲಿ ಮೋಟರಿನ ವೈರ್ ಕಡಿದಿತ್ತು. ಅದಕ್ಕೆ 3,200.

ಶುರು ಮಾಡಿದ ಮೂರನೇ ದಿನ ಗೊಬ್ಬರದ ಚೀಲದ ದಾರ ಶಾಫ್ಟಿಗೆ ಸುತ್ತಿಕೊಂಡಿತು. ಕುಡುಗೋಲಲ್ಲಿ ಕೊಯ್ದು ಕೊಯ್ದು ತೆಗೆದೆವು. ಆಮೇಲೆ ಒಂದು ಚೀಲದೊಳಗೆ ಸ್ಕೂಟರಿನ ಸ್ಪ್ಯಾನರ್ ಇತ್ತು. ಎರಡು ಬ್ಲೇಡ್ ಹೋದವು, 11 ಸಾವಿರ. ಇಷ್ಟೆಲ್ಲ ಆಗಿ ಚೂರು ತೋರಿಸಿದರೆ ಜೆಇ ಅಂಗೈ ಮೇಲೆ ಹಾಕಿಕೊಂಡು ನಕ್ಕರು. ನಮ್ಮದು ಹೆಬ್ಬೆರಳಿನ ಉಗುರಿನಷ್ಟು. ಅವರಿಗೆ ಬೇಕಾದದ್ದು 2–3 ಮಿಮೀ. ಜಾಲರಿ ಬದಲಾಯಿಸಿದೆವು. ಗಂಟೆಗೆ 40 ಕೆಜಿ ಬರುತ್ತಿದ್ದದ್ದು 18ಕ್ಕೆ ಇಳಿಯಿತು.

ಆದರೂ ಹೇಳುತ್ತೇನೆ, ಆ ರಸ್ತೆ ಐದು ಮಳೆಗಾಲ ಕಂಡಿದೆ. ಒಂದು ಗುಂಡಿ ತೋರಿಸಿದರೆ ಮೀಸೆ ಬೋಳಿಸುತ್ತೇನೆ.

ಜಲ್ಲಿಟಿಪ್ಪರ್:
ಕಂಟ್ರಾಕ್ಟರ್ ಮುಖ ಸಿಂಡರಿಸಿದರಂತೆ. ಯಾಕೆ ಅಂತ ಯಾರಾದರೂ ಕೇಳಿದ್ರಾ?

ಜಲ್ಲಿ, ಡಾಂಬರು ಸೇರಿಸಿ ಮಾಲನ್ನು ಕಂತು ಕಂತಾಗಿ ಕಲಸುವ ಬ್ಯಾಚ್ ಪ್ಲಾಂಟ್ ಇದ್ದರೆ ಕಷ್ಟ ಇಲ್ಲ. ಕಾದ ಜಲ್ಲಿ ಮಿಕ್ಸರಿಗೆ ಬೀಳುತ್ತೆ, ಚೂರು ಸುರಿದರೆ ಅರ್ಧ ನಿಮಿಷದಲ್ಲಿ ಕರಗಿ ಜಲ್ಲಿಗೆ ಮೆತ್ತಿಕೊಳ್ಳುತ್ತೆ, ಆಮೇಲೆ ಡಾಂಬರು. ನನ್ನದು ಡ್ರಮ್ ಮಿಕ್ಸ್, ಕಾಯಿಸೋದು, ಕಲಸೋದು ಎಲ್ಲ ಒಂದೇ ಡ್ರಮ್ಮಿನಲ್ಲಿ. ಬೆಂಕಿ ಇರುವ ಕಡೆ ಚೂರು ಹೋದರೆ ಸುಟ್ಟೇ ಹೋಗುತ್ತೆ. ಬೆಂಕಿ ದಾಟಿಸಿ ಹಾಕಲು ಪೈಪು, ಬ್ಲೋವರ್ ಅಂತ 1.4 ಲಕ್ಷ ನನ್ನ ಜೇಬಿನಿಂದ ಹೋಯಿತು. ಎಸ್‌ಆರ್ ರೇಟಿನಲ್ಲಿ, ಅಂದರೆ ಸರ್ಕಾರದ ದರಪಟ್ಟಿಯಲ್ಲಿ, ಅದಕ್ಕೆ ಬಿಲ್ಲು ಹುಟ್ಟುತ್ತಾ?

ಅದಕ್ಕೂ ಮುಂಚೆ ಆಳು ನಿಲ್ಲಿಸಿ ಬೆಲ್ಟ್ ಮೇಲೆ ಬುಟ್ಟಿಯಲ್ಲಿ ಸುರಿಸಿದ್ದೆ. ಆಷಾಢದ ಗಾಳಿ. ಅರ್ಧ ಚೂರು ಪಕ್ಕದ ರಾಗಿ ಹೊಲಕ್ಕೆ ಹಾರಿತು. ಹೊಲದವನು ಬಂದು ಕಾಲರ್ ಹಿಡಿದ. ಇನ್ನೊಂದು ದಿನ ಟಿಪ್ಪರ್ ದಾರಿಯಲ್ಲಿ ಪಂಕ್ಚರ್. ಸೈಟು ಮುಟ್ಟುವಷ್ಟರಲ್ಲಿ ಮಾಲು ತಣ್ಣಗಾಗಿ ಉಂಡೆ ಕಟ್ಟಿತ್ತು. 9 ಟನ್ ವಾಪಸ್. ಸುಮಾರು 45 ಸಾವಿರ. ಇದನ್ನೆಲ್ಲ ಬಾಯಿಬಿಟ್ಟರೆ ‘ಕಂಟ್ರಾಕ್ಟರ್ ಕಳ್ಳ’ ಅನ್ನುತ್ತಾರೆ.

ಮಾಜಿಮೆಂಬರ್:
ಕಳ್ಳ ಅಂತ ನಾನು ಹೇಳಿಲ್ಲ ಸಾರ್. ಆದರೆ ಫೋಟೋಗೆ ಎರಡು ಚೀಲ ಸುರಿದು, ಉಳಿದದ್ದನ್ನು ಪ್ಲಾಂಟಿನ ಹಿಂದೆ ಸುಟ್ಟವರನ್ನು ಕಣ್ಣಾರೆ ನೋಡಿದ್ದೇನೆ.

ಜಲ್ಲಿಟಿಪ್ಪರ್:
ನೋಡಿದವರು ಅಲ್ಲೇ ಕೇಳಬೇಕಿತ್ತು. ಐದು ವರ್ಷ ಬಿಟ್ಟು ಇಲ್ಲಿ ಯಾಕೆ?

ಸಂಘದಕ್ಕ:
ಸ್ಪ್ಯಾನರ್ ಬಂತು, ದಾರ ಬಂತು ಅಂತ ಬರೆದಿದ್ದೀರಲ್ಲ ಮೆಂಬರ್ರೇ, ಆ ಚೀಲ ಬಿಚ್ಚಿ ವಿಂಗಡಿಸಿದವರು ಯಾರು ಅಂತ ಒಂದು ಸಾಲು ಬರೆಯಲಿಲ್ಲ. ನಮ್ಮ ಸಂಘದಿಂದ ನಾಲ್ಕು ಜನ ಹೆಂಗಸರು ಶೆಡ್ಡಿನಲ್ಲಿ ಇದ್ದೇವೆ. ರಸ್ತೆಗೆ 300 ಕೆಜಿ ಬೇಕು ಅಂದರು. ಬಾಯಲ್ಲಿ ಹೇಳೋದು ಸುಲಭ. ಹಾಲಿನ ಕವರಿನ ಮೂಲೆಯಲ್ಲಿ ಉಳಿದ ಹಾಲು ಹುಳಿ ಬಂದು ಗಬ್ಬು ನಾರುತ್ತೆ. ಒಂದೊಂದನ್ನೂ ಕತ್ತರಿಸಿ, ಎರಡು ನೀರಲ್ಲಿ ತೊಳೆದು, ಮಾಳಿಗೆ ಮೇಲೆ ಹರಡಿ, ಹಾರದ ಹಾಗೆ ಮೀನಿನ ಬಲೆ ಹೊದಿಸಿ ಒಣಗಿಸಿದೆವು. ಒಂದು ಮಳೆಗೆ ಪೂರ್ತಿ ಮತ್ತೆ ಮೊದಲಿಂದ. ಆಮೇಲೆ ಫ್ಲೆಕ್ಸ್ ಬ್ಯಾನರ್ ಬೇಡ, ಅದು ಪಿವಿಸಿ ಅನ್ನೋ ಬೇರೆ ಜಾತಿ ಪ್ಲಾಸ್ಟಿಕ್ ಅಂದರು. ಚುನಾವಣೆ ಮುಗಿದ ತಿಂಗಳು ನಮ್ಮ ಶೆಡ್ಡಿನ ಅರ್ಧ ಬರೀ ಫ್ಲೆಕ್ಸೇ! ಎಲ್ಲ ಪಕ್ಷದವರೂ ಕೈ ಮುಗಿದುಕೊಂಡು ನಿಂತಿದ್ದರು.

ಕೆಜಿಗೆ 20 ರೂಪಾಯಿ ಮಾತಾಗಿತ್ತು. 6,000 ಬರಬೇಕಾದದ್ದು ಏಳು ತಿಂಗಳಾದ ಮೇಲೆ 5,400 ಬಂತು. 600 ಯಾಕೆ ಕಡಿಮೆ ಅಂದರೆ ‘ತೇವಾಂಶ’ ಅಂತೆ. ಒಣಗಿಸಿದವರು ನಾವು, ನಮಗೇ ತೇವಾಂಶ ಹೇಳುತ್ತಾರೆ.

ಲೇಔಟ್‌ಕಾರ್ಯದರ್ಶಿ:
ಬೆಂಗಳೂರಿನಲ್ಲಿ ಇದೇನು ಹೊಸದಲ್ಲ. 2000ದ ದಶಕದ ಶುರುವಿನಲ್ಲೇ ಇಲ್ಲಿ ಹಾಕಿದ್ದಾರೆ. ದೇಶಕ್ಕೆ ಕಲಿಸಿದ್ದೇ ನಾವು. ನಮ್ಮ ಲೇಔಟಿಗೂ ಎರಡು ವರ್ಷ ಅಲೆದು ಮಾಡಿಸಿದೆ. ಕನ್ನಡಿ ಹಾಗಿತ್ತು ರಸ್ತೆ. 41ನೇ ದಿನ ಪೈಪಿನವರು ಬಂದು ಉದ್ದಕ್ಕೆ ಸೀಳಿದರು. ಮಣ್ಣು ತುಂಬಿ, ಮೇಲೆ ಸಿಮೆಂಟ್ ಬಳಿದು ಹೋದರು. ಪ್ಲಾಸ್ಟಿಕ್ ರಸ್ತೆಯಲ್ಲಿ ಗುಂಡಿ ಬೀಳಲ್ಲ ಅಂತೀರಲ್ಲ, ತೋಡಿದರೆ ಬೀಳುತ್ತೆ!

ನಿವೃತ್ತಎಇ:
ದೇಶಕ್ಕೆ ಕಲಿಸಿದವರು ಮದುರೈನವರು. ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು ವಾಸುದೇವನ್. 2018ರಲ್ಲಿ ಪದ್ಮಶ್ರೀ ಬಂತು.

ಲೆಕ್ಕ ಹೇಳುತ್ತೇನೆ. 25 ಮಿಮೀ ದಪ್ಪಕ್ಕೆ 600 ಮೀಟರಿಗೆ ಸುಮಾರು 130 ಟನ್ ಮಾಲು. ಡಾಂಬರು ಆರೂವರೆ ಟನ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ (ಐಆರ್‌ಸಿ) ಮಾರ್ಗಸೂಚಿ ಎಸ್‌ಪಿ 98, 2013ರದ್ದು, ಡಾಂಬರಿನ ತೂಕದ 6ರಿಂದ 8% ಪ್ಲಾಸ್ಟಿಕ್ ಅಂದಿತ್ತು. 8 ಅಂತಲೇ ಹಿಡಿಯಿರಿ, 500 ಕೆಜಿ ಚಿಲ್ಲರೆ. ಉಳಿಯುವ ಡಾಂಬರಿನ ಬೆಲೆ 25–30 ಸಾವಿರ. ಅದಕ್ಕೆ 2.65 ಲಕ್ಷದ ಮಿಷನ್! ನಾನು ಸರ್ವಿಸಿನಲ್ಲಿದ್ದಾಗ ಇದನ್ನೇ ಫೈಲಿನಲ್ಲಿ ಬರೆದೆ. ‘ನೆಗೆಟಿವ್ ಮನುಷ್ಯ’ ಅಂತ ಹೆಸರು ಬಂತು.

ಸ್ವಚ್ಛ ಭಾರತ್ ಗ್ರಾಮೀಣ ಎರಡನೇ ಹಂತದಲ್ಲಿ ತಾಲ್ಲೂಕಿಗೊಂದು ಪ್ಲಾಸ್ಟಿಕ್ ಘಟಕಕ್ಕೆ 16 ಲಕ್ಷದವರೆಗೆ ಕೊಡುತ್ತಿದ್ದರು. ನಿಮ್ಮ ತಾಲ್ಲೂಕಿನಲ್ಲಿ ಆಗಿದ್ದರೆ ಅಲ್ಲಿ ಚೂರು ಮಾಡಿಸಿ.

ಹಸಿಕಸ:
ಎಲ್ಲರೂ ದುಡ್ಡು ಎಣಿಸುತ್ತಿದ್ದೀರಿ. ಟೈರು ಉಜ್ಜಿ ಉಜ್ಜಿ ಏಳುವ ಪುಡಿ ಎಲ್ಲಿಗೆ ಹೋಗುತ್ತೆ? ನಾಲೆಗೆ. ಅಲ್ಲಿಂದ ಗದ್ದೆಗೆ. ಹಾಲಿನ ಕವರು ಗುಜರಿಗೆ ಹೋದರೆ ಮತ್ತೆ ಪ್ಲಾಸ್ಟಿಕ್ ಆಗುತ್ತೆ. ಅದನ್ನು ರಸ್ತೆಯೊಳಗೆ ಹೂಳೋದು ಯಾವ ಜಾಣತನ? ನಾನು ಮೂರು ವರ್ಷದಿಂದ ಕವರ್ ಹಾಲು ಬಿಟ್ಟಿದ್ದೇನೆ, ಸ್ಟೀಲ್ ಕ್ಯಾನ್ ಹಿಡಿದು ಹೋಗುತ್ತೇನೆ.

ಸಂಘದಕ್ಕ:
ನಿಮ್ಮ ಮನೆ ಹತ್ತಿರ ಹಸು ಇದೆ, ಒಳ್ಳೇದು. ಹಾಲಿನ ಕವರು ನಾವೂ ಗುಜರಿಗೇ ಕೊಡುತ್ತೇವೆ, ಅದಕ್ಕೆ ರೇಟು ಜಾಸ್ತಿ. ಚಿಪ್ಸ್ ಪ್ಯಾಕೆಟ್ಟು, ಗುಟ್ಕಾ ಚೀಟಿ ಯಾರೂ ಮುಟ್ಟಲ್ಲ. ಅದನ್ನು ತಗೊಳ್ಳಿ ಅಂದರೆ ರಸ್ತೆಯವರು ಹಾಲಿನ ಕವರೇ ಬೇಕು ಅಂತಾರೆ.

ನಿವೃತ್ತಎಇ:
ಟೈರಿನ ಪುಡಿಯೂ ಪ್ಲಾಸ್ಟಿಕ್ಕೇ ಹಸಿಕಸದವರೇ, ಟೈರು ಬಿಟ್ಟು ಎತ್ತಿನಗಾಡಿ ಕಟ್ಟೋಣವಾ?

ಹಸಿಕಸ:
ಫೈಲಿನಲ್ಲಿ ಬರೆದೆ ಅಂತೀರಿ, ಸಹಿ ಹಾಕಲಿಲ್ಲವಾ ಬಿಲ್ಲಿಗೆ?

ನಿವೃತ್ತಎಇ:
ವೈಯಕ್ತಿಕಕ್ಕೆ ಬರಬೇಡಿ.

ನಾಲೆಪಕ್ಕ:
ಅಣ್ಣಂದಿರೇ, ಅಕ್ಕ, ಎಲ್ಲ ಓದಿದೆ. ಕಬ್ಬಿನ ಟ್ರ್ಯಾಕ್ಟರ್, ನಾಲೆ ವಿಷಯ ಯಾರೂ ಹೇಳಲಿಲ್ಲ.

ನಿವೃತ್ತಎಇ:
ನಾಲೆ ನೀರು ತಳಕ್ಕೆ ಇಳಿದರೆ ಮೇಲೆ ಪ್ಲಾಸ್ಟಿಕ್ ಹಾಕಿದರೂ ಅಷ್ಟೇ, ಬೆಣ್ಣೆ ಹಾಕಿದರೂ ಅಷ್ಟೇ. ಮೊದಲು ಮೋರಿ, ಅಂಚು ಸರಿ ಮಾಡಿಸಿ. ಟೆಂಡರಿನಲ್ಲಿ ಪ್ಲಾಸ್ಟಿಕ್ ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಕಂಟ್ರಾಕ್ಟರ್ ಹಾಕಬೇಕಾಗಿಲ್ಲ.

ಜಲ್ಲಿಟಿಪ್ಪರ್:
ಅಬ್ಬಾ, ಒಬ್ಬರಾದರೂ ನಮ್ಮ ಪರ ಮಾತಾಡಿದರು.

ಮಾಜಿಮೆಂಬರ್:
ನಾಲೆಪಕ್ಕದವರೇ, ಒಂದು ಮಾತು. ಮಿಷನ್ ಬೇಕೇ ಬೇಕು ಅಂದರೆ ನಮ್ಮದೇ ಸುಮ್ನೆ ನಿಂತಿದೆ. 1.10 ಲಕ್ಷಕ್ಕೆ ಕೊಡಿಸುತ್ತೇನೆ. ಬ್ಲೇಡ್ ಹೊಸದು.

ನಿವೃತ್ತಎಇ:
ಪಂಚಾಯಿತಿ ಆಸ್ತಿ ಅದು. ಹರಾಜು ಕೂಗಬೇಕು. ಮಾಜಿ ಆದವರು ಮಾರೋ ಹಾಗಿಲ್ಲ.

ಜಲ್ಲಿಟಿಪ್ಪರ್:
ಸ್ಪ್ಯಾನರ್ ಸಮೇತ ಕೊಡ್ತೀರಾ ಮೆಂಬರ್ರೇ?